ಹೀಟರ್ ತಣ್ಣಗಾದರೆ ಎಂಜಿನ್ ಕಡೆ ನೋಡಿ

ಬೆಂಗಳೂರಿನ ಕಾರುಗಳಲ್ಲಿ ಅತಿ ಕಡಿಮೆ ಬಳಕೆಯಾಗುವ ಗುಂಡಿ ಯಾವುದೆಂದು ಕೇಳಿದರೆ, ಡ್ಯಾಶ್‌ಬೋರ್ಡಿನಲ್ಲಿ ನೀಲಿಯಿಂದ ಕೆಂಪಿಗೆ ತಿರುಗುವ ಗುಂಡಿಯೇ ಇರಬೇಕು. ವರ್ಷವಿಡೀ ಅದು ನೀಲಿ ಕಡೆಗೇ ಮುಖ ಮಾಡಿ ಕೂತಿರುತ್ತದೆ. ಕೆಂಪಿಗೆ ತಿರುಗಿಸುವ ದಿನ ಕೆಲವರಿಗೆ ಬರುವುದು ಮನಾಲಿ ದಾಟಿ ಕೇಲಾಂಗ್ ತಲುಪಿದಾಗ. ಇನ್ನು ಕೆಲವರಿಗೆ ಡೆಟ್ರಾಯಿಟ್‌ನಲ್ಲೋ ಟೊರಾಂಟೊದಲ್ಲೋ ಕೆಲಸಕ್ಕೆ ಸೇರಿ, ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೊದಲ ಡಿಸೆಂಬರಿನಲ್ಲಿ. ಗುಂಡಿ ಪೂರ್ತಿ ಕೆಂಪಿನಲ್ಲಿದೆ, ಫ್ಯಾನು ಭರ್ರೆಂದು ಓಡುತ್ತಿದೆ, ಕಿಂಡಿಯಿಂದ ಬರುವುದು ಮಾತ್ರ ಹೊರಗಿನಷ್ಟೇ ತಣ್ಣನೆಯ ಗಾಳಿ.

‘ಹೀಟರ್ ಕೆಟ್ಟಿದೆ’ ಎಂಬ ತೀರ್ಮಾನಕ್ಕೆ ಆಗ ಎಲ್ಲರೂ ಬಂದುಬಿಡುತ್ತಾರೆ. ಆದರೆ ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಹೀಟರ್ ಎಂಬ ಸ್ವತಂತ್ರ ಯಂತ್ರವೇ ಇರುವುದಿಲ್ಲ. ಎಂಜಿನ್ ತನಗೆ ಬೇಡವೆಂದು ಹೊರಹಾಕುವ ಬಿಸಿಯಲ್ಲಿ ಒಂದಿಷ್ಟನ್ನು ಕೂತವರ ಕಡೆಗೆ ತಿರುಗಿಸುವ ಏರ್ಪಾಡು ಅದು. ಆ ಬಿಸಿ ಒಳಗೆ ತಲುಪುತ್ತಿಲ್ಲವೆಂದರೆ ಬಹಳ ಸಲ ದೋಷ ಇರುವುದು ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಯಲ್ಲಿ. ಚಳಿಗೆ ಕೈ ಮರಗಟ್ಟುವುದು ಇದರಲ್ಲಿ ಸಣ್ಣ ಸಂಗತಿ. ಎಂಜಿನ್ ಕೈಕೊಡುವ ಮುನ್ನ ಪುಕ್ಕಟೆಯಾಗಿ ಸಿಗುವ ಮುನ್ಸೂಚನೆಯೂ ಇದೇ ಆಗಿರಬಹುದು ಎನ್ನುವುದು ದೊಡ್ಡ ಸಂಗತಿ.

ಬಿಸಿಯ ದಾರಿ

ಎಂಜಿನ್‌ನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸರಿಸುಮಾರು ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಎಂಜಿನ್ನಿನ ಲೋಹಕ್ಕೆ ಏರಿ, ಅಲ್ಲಿಂದ ಎಂಜಿನ್ ತಣಿಸುವ ದ್ರವಕ್ಕೆ, ಅಂದರೆ ಕೂಲೆಂಟ್‌ಗೆ ಇಳಿಯುತ್ತದೆ. ವಾಟರ್ ಪಂಪ್ ಈ ಕೂಲೆಂಟನ್ನು ಎಂಜಿನ್ ಬ್ಲಾಕಿನ ಸುತ್ತ ಓಡಿಸುತ್ತದೆ. ಅದರ ಮುಖ್ಯ ದಾರಿ ಮುಂದಿನ ರೇಡಿಯೇಟರಿಗೆ ಹೋಗುತ್ತದೆ. ಒಂದು ಕವಲು ಮಾತ್ರ ಹಿಂದಕ್ಕೆ ತಿರುಗಿ, ಎಂಜಿನ್ ಕೋಣೆಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ ದಾಟಿ, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಕೂತ ಪುಟ್ಟ ರೇಡಿಯೇಟರನ್ನು ಸೇರುತ್ತದೆ. ಇದೇ ಹೀಟರ್ ಕೋರ್. ಒಂದು ರಬ್ಬರ್ ಪೈಪಿನಲ್ಲಿ ಬಿಸಿ ಕೂಲೆಂಟ್ ಒಳಬರುತ್ತದೆ, ಇನ್ನೊಂದರಲ್ಲಿ ಹಿಂತಿರುಗುತ್ತದೆ. ಬ್ಲೋವರ್ ಫ್ಯಾನು ಇದರ ಮೂಲಕ ಗಾಳಿ ತಳ್ಳುತ್ತದೆ. ನಡುವೆ ಒಂದು ಪ್ಲಾಸ್ಟಿಕ್ ಕದವಿದೆ. ಗುಂಡಿ ತಿರುಗಿಸಿದಾಗ ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ತಿರುಗುವುದು ಈ ಕದವೇ. ಗಾಳಿಯಲ್ಲಿ ಎಷ್ಟು ಪಾಲು ಬಿಸಿ ಕೋರ್ ದಾಟಿ ಬರಬೇಕು, ಎಷ್ಟು ಪಾಲು ಅದನ್ನು ತಪ್ಪಿಸಿ ಬರಬೇಕು ಎನ್ನುವುದನ್ನು ಅದು ನಿರ್ಧರಿಸುತ್ತದೆ.

ಈ ವ್ಯವಸ್ಥೆಯಲ್ಲಿ ಕಣ್ಣಿಗೆ ಬೀಳದೆ ಬಹಳ ಕೆಲಸ ಮಾಡುವ ಬಿಡಿಭಾಗ ಥರ್ಮೋಸ್ಟಾಟ್. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ‘ವಾಲ್ವ್’ ಎಂದಷ್ಟೇ ಹೆಸರು. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ ಇದು ಕೆರೆಯ ತೂಬಿನಂತೆ. ಎಂಜಿನ್ ತಣ್ಣಗಿರುವಾಗ ಮುಚ್ಚಿರುತ್ತದೆ, ಕೂಲೆಂಟ್ ಸುಮಾರು 82ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತೆರೆಯುತ್ತದೆ. ತೂಬು ಎತ್ತುವ ನೀರುಗಂಟಿಯ ಕೆಲಸ ಮಾಡುವುದು ಅದರೊಳಗಿನ ಮೇಣ. ಕಾದಾಗ ಕರಗಿ ಹಿಗ್ಗುವ ಮೇಣ ಒಂದು ಸಣ್ಣ ಕಡ್ಡಿಯನ್ನು ತಳ್ಳಿ ಬಾಯಿ ತೆರೆಸುತ್ತದೆ, ತಣಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ವೈರಿಲ್ಲ, ಕರೆಂಟಿಲ್ಲ. ಎಂಜಿನ್ ಬೇಗ ಕಾದು, ಆಮೇಲೆ ಒಂದೇ ಹದದಲ್ಲಿ ಉಳಿಯುವುದು ಇದರಿಂದಲೇ.

ಇಷ್ಟು ಗೊತ್ತಿದ್ದರೆ ತಣ್ಣನೆ ಗಾಳಿಗೆ ಕಾರಣಗಳು ಮೂರೇ ಬಗೆ. ಕೂಲೆಂಟ್ ಸಾಕಷ್ಟು ಕಾಯುತ್ತಿಲ್ಲ. ಕಾದರೂ ಕೋರ್‌ವರೆಗೆ ಹೋಗುತ್ತಿಲ್ಲ. ಕೋರ್ ಬಿಸಿಯಾಗಿದ್ದರೂ ಗಾಳಿ ಅದನ್ನು ಮುಟ್ಟದೆ ಬರುತ್ತಿದೆ. ರಿಪೇರಿಯ ಜಾಣತನವೆಲ್ಲ ಈ ಮೂರರಲ್ಲಿ ಯಾವುದು ಎಂದು ಮೊದಲು ಗುರುತಿಸುವುದರಲ್ಲಿದೆ.

ಗೇಜು, ಡಬ್ಬಿ, ಎರಡು ಪೈಪು

ಗುರುತಿಸಲು ದುಬಾರಿ ಉಪಕರಣ ಬೇಡ. ಮೊದಲು ಟೆಂಪರೇಚರ್ ಗೇಜ್ ನೋಡಿ. ಹತ್ತು–ಹದಿನೈದು ನಿಮಿಷ ಓಡಿಸಿದ ಮೇಲೂ ಮುಳ್ಳು ಮಧ್ಯಕ್ಕೆ ಬರದೆ ಕೆಳಗೇ ತೆವಳುತ್ತಿದ್ದರೆ, ಎಂಜಿನ್ನೇ ಕಾಯುತ್ತಿಲ್ಲ. ಪೇಟೆಯಲ್ಲಿ ಮೇಲೇರಿ ಹೈವೇಗೆ ಬಂದ ತಕ್ಷಣ ಇಳಿಯುತ್ತಿದ್ದರೆ, ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ ಎಂದು ಬಹುತೇಕ ಹೇಳಿಬಿಡಬಹುದು. ವೇಗದಲ್ಲಿ ನುಗ್ಗುವ ಗಾಳಿ ರೇಡಿಯೇಟರನ್ನು ಅತಿಯಾಗಿ ತಣಿಸುತ್ತಿದೆ ಎಂದು ಅದರರ್ಥ. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಎಂಜಿನ್ ಇನ್ನೂ ತಣ್ಣಗಿದೆ ಎನ್ನುವ ನೀಲಿ ದೀಪವಿರುತ್ತದೆ. ಅದು ಬಹಳ ಹೊತ್ತು ಆರದಿದ್ದರೂ ಅರ್ಥ ಇದೇ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಸ್ಕ್ಯಾನರ್ ಇದ್ದರೆ ಕೂಲೆಂಟಿನ ನಿಜವಾದ ಉಷ್ಣತೆ ಮೊಬೈಲಿನಲ್ಲೇ ಕಾಣುತ್ತದೆ. ‘ಪಿ0128’ ಎಂಬ ಕೋಡ್ ಬಂದಿದ್ದರೆ, ಕೂಲೆಂಟ್ ಇರಬೇಕಾದ ಬಿಸಿಗೆ ಏರುತ್ತಿಲ್ಲವೆಂದು ಕಾರಿನ ಕಂಪ್ಯೂಟರೇ ದೂರು ಕೊಟ್ಟಿದೆ.

ಎರಡನೆಯದು ಕೂಲೆಂಟ್ ಮಟ್ಟ. ಎಂಜಿನ್ ಪೂರ್ತಿ ತಣಿದಿರುವಾಗ, ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ನೋಡಬೇಕು. ಪಾರದರ್ಶಕ ಡಬ್ಬಿಯ ಎರಡು ಗೆರೆಗಳ ನಡುವೆ ಅದು ನಿಂತಿರಬೇಕು. ಮುಚ್ಚಳವಿರುವ ರೇಡಿಯೇಟರ್ ಆದರೆ ಅದನ್ನೂ ತೆರೆದು ನೋಡಿ, ಬಾಯಿವರೆಗೆ ತುಂಬಿರಬೇಕು. ಬಿಸಿ ಇರುವಾಗ ಮಾತ್ರ ಈ ಮುಚ್ಚಳ ಮುಟ್ಟಲೇಬಾರದು. ಒತ್ತಡದಲ್ಲಿ 100 ಡಿಗ್ರಿಗೂ ಮೇಲೆ ಕಾದ ದ್ರವ ಬಾಯಿ ತೆರೆದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ಹೀಟರ್ ಕೋರ್ ಇರುವುದು ವ್ಯವಸ್ಥೆಯ ಎತ್ತರದ ಜಾಗಗಳಲ್ಲೊಂದರಲ್ಲಿ. ಹಾಗಾಗಿ ಕೂಲೆಂಟ್ ಕಡಿಮೆಯಾದಾಗ ಮೊದಲು ಬರಿದಾಗುವುದು ಅದೇ. ಎಂಜಿನ್ ಇನ್ನೂ ಸರಿಯಾಗಿ ಓಡುತ್ತಿರುತ್ತದೆ, ಹೀಟರ್ ಆಗಲೇ ತಣ್ಣಗಾಗಿರುತ್ತದೆ. ಗಾಡಿ ಓಡುವಾಗ ಬಿಸಿ, ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗೆ ಎಂಬ ಲಕ್ಷಣ ಕಂಡರೆ ಇಲ್ಲೇ ಅನುಮಾನಿಸಬೇಕು.

ಮೂರನೆಯದು ಪೈಪುಗಳ ಪರೀಕ್ಷೆ. ಎಂಜಿನ್ ಕಾದ ಮೇಲೆ, ಹೀಟರ್ ಪೂರ್ತಿ ಬಿಸಿಗಿಟ್ಟು, ತಗಡಿನ ಗೋಡೆಯ ಒಳಕ್ಕೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಫ್ಯಾನು, ಬೆಲ್ಟುಗಳಿಂದ ದೂರವಿದ್ದು ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಸುಡುವಷ್ಟು ಬಿಸಿಯಾಗಿದ್ದರೆ ಕೂಲೆಂಟ್ ತನ್ನ ಕೆಲಸ ಮಾಡಿದೆ. ತೊಂದರೆ ಡ್ಯಾಶ್‌ಬೋರ್ಡಿನೊಳಗಿನ ಕದದಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಆ ದಾರಿಯಲ್ಲಿ ನಿಯಂತ್ರಣದ ವಾಲ್ವ್ ಇರುವ ಕಾರಾದರೆ ಅದು ಮುಚ್ಚಿಕೊಂಡಿದೆ. ಎರಡೂ ತಣ್ಣಗಿದ್ದರೆ ಕೂಲೆಂಟ್ ಕಡಿಮೆ, ಗಾಳಿ ಕಟ್ಟಿರುವುದು, ಥರ್ಮೋಸ್ಟಾಟ್ ಅಥವಾ ವಾಟರ್ ಪಂಪ್ ಎಂದು ಹುಡುಕಾಟ ಎಂಜಿನ್ ಕಡೆಗೆ ಹೊರಳುತ್ತದೆ. ಐದು ನಿಮಿಷದ ಈ ಪರೀಕ್ಷೆ ಮಾಡದೆ ‘ಹೀಟರ್ ಕೋರ್ ಬದಲಿಸಬೇಕು’ ಎನ್ನುವ ಮೆಕ್ಯಾನಿಕ್ಕಿಗೆ ಹಣ ಕೊಡಬೇಕಾಗಿಲ್ಲ.

ಸೆಕೆ ನಾಡಿನ ರಿಪೇರಿಗಳು

ದಕ್ಷಿಣದಿಂದ ಹಿಮಾಲಯಕ್ಕೆ ಹೋದ ಕಾರುಗಳ ಹೀಟರ್ ತಣ್ಣಗಾಗುವುದಕ್ಕೆ ಅನೇಕ ಸಲ ಕಾರಣ ಹಿಮಾಲಯದಲ್ಲಿ ಇರುವುದಿಲ್ಲ, ಊರಿನ ಗ್ಯಾರೇಜಿನಲ್ಲಿ ಇರುತ್ತದೆ. ನಮ್ಮಲ್ಲಿ ಎಂಜಿನ್ನಿಗೆ ದೊಡ್ಡ ಶತ್ರು ಬಿಸಿ. ಗಾಡಿ ಹೀಟ್ ಆಗುತ್ತಿದೆ ಎಂದ ಕೂಡಲೇ ಹಳೆಯ ಕಾಲದ ಮೆಕ್ಯಾನಿಕ್ ಮಾಡುವ ಮೊದಲ ಕೆಲಸ ‘ವಾಲ್ವ್ ತೆಗೆದು ಬಿಸಾಕುವುದು’. ಎರಡನೆಯದು ‘ಫ್ಯಾನ್ ಡೈರೆಕ್ಟ್ ಮಾಡುವುದು’, ಅಂದರೆ ಅಗತ್ಯವಿರಲಿ ಬಿಡಲಿ, ರೇಡಿಯೇಟರ್ ಫ್ಯಾನು ಸದಾ ಓಡುವಂತೆ ವೈರ್ ಜೋಡಿಸುವುದು. ಹೀಟರ್ ಕೋರ್ ಸೋರುತ್ತಿದ್ದರೆ ಮೂರನೆಯದು: ಅದರ ಎರಡೂ ಪೈಪುಗಳನ್ನು ಕಿತ್ತು ಒಂದಕ್ಕೊಂದು ಸೇರಿಸಿ, ಕೋರನ್ನೇ ದಾರಿಯಿಂದ ಹೊರಗಿಟ್ಟುಬಿಡುವುದು. ‘ಇಲ್ಲಿ ಹೀಟರ್ ಯಾರಿಗೆ ಬೇಕು ಸಾರ್?’ ಎಂಬ ಮಾತಿಗೆ ಮಾಲೀಕರೂ ತಲೆಯಾಡಿಸುತ್ತಾರೆ. ಗಾಡಿ ಎರಡು ಕೈ ಬದಲಾದ ಮೇಲೆ ಇದೆಲ್ಲ ಯಾರಿಗೂ ನೆನಪಿರುವುದಿಲ್ಲ.

ಮೊದಲ ಎರಡು ರಿಪೇರಿಗಳ ಫಲ ಹೀಟರಿಗಷ್ಟೇ ನಿಲ್ಲುವುದಿಲ್ಲ. ಕಾಯದ ಎಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕುಡಿಸುತ್ತದೆ, ಮೈಲೇಜ್ ಬೀಳುತ್ತದೆ. ಎಂಜಿನ್ ಆಯಿಲ್‌ಗೆ ಸೇರಿದ ತೇವಾಂಶ ಆವಿಯಾಗಿ ಹೋಗುವಷ್ಟು ಬಿಸಿ ಸಿಗದೆ ಆಯಿಲ್ ಕೆಸರಾಗುತ್ತದೆ. ಇನ್ನೂ ಒಂದು ತಮಾಷೆಯಿದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಕೆಳತಟ್ಟೆಗೆ ಬೇರೆಯದೇ ಕರ್ತವ್ಯವಿರುತ್ತದೆ: ಎಂಜಿನ್ ಕಾದಾಗ ರೇಡಿಯೇಟರನ್ನು ತಪ್ಪಿಸಿ ಹೋಗುವ ಅಡ್ಡದಾರಿಯನ್ನು ಮುಚ್ಚುವುದು. ವಾಲ್ವ್ ಕಿತ್ತರೆ ಆ ಅಡ್ಡದಾರಿ ಸದಾ ತೆರೆದೇ ಇದ್ದು, ಬಿಸಿ ಕೂಲೆಂಟ್ ತಣಿಯದೆ ಮತ್ತೆ ಎಂಜಿನ್ನಿಗೇ ಮರಳುತ್ತದೆ. ಹೀಟ್ ಆಗದಿರಲೆಂದು ಮಾಡಿದ ಕೆಲಸವೇ ಹೀಟ್ ಆಗಲು ಕಾರಣವಾಗುತ್ತದೆ.

ನಾಲ್ಕನೆಯದು ಬೋರ್‌ವೆಲ್ ನೀರು. ಕೂಲೆಂಟ್ ಬದಲು ನಲ್ಲಿಯದೋ ಬೋರಿನದೋ ನೀರು ತುಂಬುವುದು ನಮ್ಮಲ್ಲಿ ಇನ್ನೂ ಸಾಮಾನ್ಯ. ಗಡಸು ನೀರಿನ ಸುಣ್ಣ ಮೊದಲು ಕಟ್ಟಿಕೊಳ್ಳುವುದು ಅತಿ ಸಣ್ಣ ಕೊಳವೆಗಳಿರುವ ಕಡೆ. ಹೀಟರ್ ಕೋರಿನ ಕೊಳವೆಗಳು ಅಂಥವು. ಜೊತೆಗೆ ಎಂಜಿನ್ನಿನೊಳಗೆ ತುಕ್ಕು ಎದ್ದು, ಅದೂ ಅಲ್ಲೇ ಬಂದು ಕೂರುತ್ತದೆ.

ಚಳಿ ನಾಡಿಗೆ ಹೋದಾಗ ಇದೇ ನೀರು ಬೇರೆ ರೂಪ ತೋರಿಸುತ್ತದೆ. ಹೆಪ್ಪುಗಟ್ಟುವ ನೀರು ಗಾತ್ರದಲ್ಲಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಲೇಹ್‌ನ ಜನವರಿ ರಾತ್ರಿಗಳಲ್ಲಿ ಉಷ್ಣತೆ ಮೈನಸ್ 10 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಬರಿ ನೀರು ತುಂಬಿದ ಎಂಜಿನ್ ಬ್ಲಾಕ್ ಅಂಥ ಒಂದೇ ರಾತ್ರಿಯಲ್ಲಿ ಬಿರುಕು ಬಿಡಬಹುದು. ಅಷ್ಟು ದೂರ ಹೋಗದಿದ್ದರೂ, ಅರೆ ಹೆಪ್ಪುಗಟ್ಟಿದ ಮಂಜಿನ ಗಂಜಿ ಕೋರಿಗೆ ಅಡ್ಡ ಕೂತು ಬೆಳಗಿನ ಹೊತ್ತು ಹೀಟರ್ ತಣ್ಣಗಿರುತ್ತದೆ. ಸಮಪಾಲು ನೀರು, ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆತ ಕೂಲೆಂಟ್ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಹಾಗೆಂದು ನೀರು ಬೆರೆಸದೆ ಸುರಿದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ: ಅಪ್ಪಟ ಗ್ಲೈಕಾಲ್ ಮೈನಸ್ 13 ಡಿಗ್ರಿಗೇ ಗಟ್ಟಿಯಾಗುತ್ತದೆ, ಬಿಸಿ ಹೊರುವುದರಲ್ಲೂ ಅದು ನೀರಿಗಿಂತ ಹಿಂದೆ. ಖರ್ದುಂಗ್ ಲಾದಂಥ 5,300 ಮೀಟರ್ ಮೀರಿದ ಎತ್ತರದಲ್ಲಿ ನೀರು 83 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಲ್ಲಿ ಕೂಲೆಂಟನ್ನು ಕುದಿಯದಂತೆ ಹಿಡಿದಿಡುವುದು ಒತ್ತಡ ಕಾಯುವ ರೇಡಿಯೇಟರ್ ಮುಚ್ಚಳ. ಅದರ ರಬ್ಬರ್ ಸವೆದಿದ್ದರೆ ಹೊರಡುವ ಮುನ್ನವೇ ಬದಲಿಸಿ.

ಗಾಳಿ ಕಟ್ಟಿದರೆ

ಕೂಲೆಂಟ್ ಬದಲಿಸಿದ ಅಥವಾ ಪೈಪು ಬಿಚ್ಚಿದ ಮರುದಿನವೇ ಹೀಟರ್ ತಣ್ಣಗಾದರೆ, ಅದು ಏರ್ ಲಾಕ್. ಎತ್ತರದ ಕೋರಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಕೂಲೆಂಟಿಗೆ ದಾರಿ ಬಿಡುತ್ತಿಲ್ಲ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಗುಳುಗುಳು ಸದ್ದು ಬಂದರೆ ಅನುಮಾನವೇ ಬೇಡ.

ಇದನ್ನು ಮನೆಯಲ್ಲೇ ಬಿಡಿಸಬಹುದು. ತಣಿದ ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳ ತೆಗೆದು ಸರಿಯಾದ ಕೂಲೆಂಟ್ ತುಂಬಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಎಂಜಿನ್ ಸುಮ್ಮನೆ ಓಡಲು ಬಿಡಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಥಟ್ಟನೆ ಇಳಿಯುತ್ತದೆ, ಗುಳ್ಳೆಗಳು ಏಳುತ್ತವೆ. ಇಳಿದಷ್ಟೂ ತುಂಬುತ್ತಾ ಹೋಗಿ. ಕೂಲೆಂಟ್ ಉಕ್ಕಬಹುದು, ಆದ್ದರಿಂದ ಮುಖ ಬಾಯಿಯ ಮೇಲೆ ಬಗ್ಗಿಸದಿರಿ. ಗುಳ್ಳೆ ನಿಂತು, ರೇಡಿಯೇಟರ್ ಫ್ಯಾನು ಒಮ್ಮೆ ಓಡಿ ನಿಂತ ಮೇಲೆ ಮುಚ್ಚಳ ಹಾಕಬಹುದು. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಸಣ್ಣ ಸ್ಕ್ರೂ ಇರುತ್ತದೆ. ಮಾಲೀಕರ ಕೈಪಿಡಿ ನೋಡಿ.

ಬಿಡಿಸಿದ ಗಾಳಿ ವಾರದೊಳಗೆ ಮತ್ತೆ ಕಟ್ಟಿದರೆ ಪ್ರಶ್ನೆ ಗಂಭೀರವಾಯಿತು. ಎಲ್ಲೋ ಸೋರಿಕೆಯಿದೆ, ಇಲ್ಲವೇ ಎಂಜಿನ್ ಬ್ಲಾಕಿಗೂ ಅದರ ತಲೆಭಾಗಕ್ಕೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರಿನ ಉರಿದ ಅನಿಲ ಕೂಲೆಂಟಿಗೆ ನುಗ್ಗುತ್ತಿದೆ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಹಾಲು ಬೆರೆತ ಬಣ್ಣಕ್ಕೆ ತಿರುಗಿದ ಆಯಿಲ್, ಪೈಪುಗಳು ಕಲ್ಲಿನಂತೆ ಬಿಗಿಯಾಗುವುದು ಇದರ ಲಕ್ಷಣಗಳು. ಇಂಥ ಗಾಡಿಯನ್ನು ಓಡಿಸಿಕೊಂಡು ಹೋಗಬಾರದು, ಎಳೆಸಿಕೊಂಡು ಹೋಗಬೇಕು.

ಕಟ್ಟಿದ ಕೋರ್, ಸಿಕ್ಕಿದ ಕದ

ಒಂದೇ ಪೈಪು ಬಿಸಿಯಾಗಿದ್ದರೆ ಕೋರನ್ನು ತೊಳೆದು ನೋಡಬಹುದು. ಎರಡೂ ಪೈಪು ಬಿಚ್ಚಿ, ಕೂಲೆಂಟ್ ಹೊರಬರುವ ಬಾಯಿಂದ ಒಳಬರುವ ಬಾಯಿಯ ಕಡೆಗೆ, ಅಂದರೆ ಮಾಮೂಲಿ ಹರಿವಿಗೆ ಎದುರಾಗಿ, ತೋಟದ ಪೈಪಿನ ನೀರನ್ನು ಮೆಲ್ಲಗೆ ಹಾಯಿಸಬೇಕು. ಕಂದು ನೀರು, ಸುಣ್ಣದ ಚಕ್ಕೆ, ಕೆಲವೊಮ್ಮೆ ಮುದ್ದೆ ಮುದ್ದೆಯಾದ ಲೋಳೆ ಹೊರಬರುತ್ತದೆ. ಲೋಳೆ ಬಂದರೆ ಹೊಂದದ ಎರಡು ಬಗೆಯ ಕೂಲೆಂಟ್ ಬೆರೆಸಿರಬಹುದು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನಂಬಿ ಸುರಿಯುವುದು ತಪ್ಪು. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಕೈಪಿಡಿಯಲ್ಲಿ ಬರೆದ ಮಾದರಿಯನ್ನೇ ಹಾಕಬೇಕು. ಸೋರಿಕೆ ತಡೆಯುತ್ತದೆ ಎಂದು ಬಾಟಲಿಯಲ್ಲಿ ಮಾರುವ ಪುಡಿ, ದ್ರಾವಣಗಳೂ ರಂಧ್ರದ ಜೊತೆಗೆ ಕೋರಿನ ಕೊಳವೆಗಳನ್ನು ಮುಚ್ಚಬಲ್ಲವು. ಹೆಚ್ಚು ಒತ್ತಡದ ನೀರು, ಏರ್ ಕಂಪ್ರೆಸರ್ ಬಳಸಿದರೆ ಹಳೆಯ ಕೋರ್ ಒಡೆದೇ ಹೋಗಬಹುದು. ಒಡೆದರೆ ಬದಲಿಸಲು ಎಷ್ಟೋ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಕೋರಿನ ಬೆಲೆಗಿಂತ ಕೂಲಿಯೇ ಹೆಚ್ಚಾಗುವುದು ಅದಕ್ಕೇ. ಥರ್ಮೋಸ್ಟಾಟ್ ಆದರೆ ಎಷ್ಟೋ ಕಾರುಗಳಲ್ಲಿ ಅಗ್ಗದ ಬಿಡಿಭಾಗ, ಕೆಲವು ಬೋಲ್ಟುಗಳ ಕೆಲಸ.

ಮುಂದಿನ ಸೀಟಿನ ಕಾಲ ಬಳಿ ಕಾರ್ಪೆಟ್ ಒದ್ದೆಯಾಗುವುದು, ಸಿಹಿ ವಾಸನೆ, ಗಾಜಿನ ಒಳಮೈಗೆ ಜಿಡ್ಡಿನಂಥ ಮಬ್ಬು ಕೂರುವುದು ಕೋರ್ ಸೋರುತ್ತಿರುವ ಗುರುತು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಹೊರತೆಗೆದ ಹಳೆಯ ಕೂಲೆಂಟನ್ನು ನಾಯಿ, ಮಕ್ಕಳಿಗೆ ಸಿಗುವಂತೆ ಬಿಡಬಾರದು, ಮೋರಿಗೂ ಸುರಿಯಬಾರದು.

ಎರಡೂ ಪೈಪು ಬಿಸಿ, ಗಾಳಿ ಮಾತ್ರ ತಣ್ಣಗೆ ಎಂದಾದರೆ ಕದದ ಸರದಿ. ಹಳೆಯ ಸಣ್ಣ ಕಾರುಗಳಲ್ಲಿ ಗುಂಡಿಯಿಂದ ಕದಕ್ಕೆ ಉಕ್ಕಿನ ಕೇಬಲ್ ಇರುತ್ತದೆ. ಅದರ ಕ್ಲಿಪ್ ಕಳಚಿಕೊಂಡಿದ್ದರೆ ಮತ್ತೆ ಸಿಕ್ಕಿಸಿದರೆ ಮುಗಿಯಿತು. ಹೊಸ ಕಾರುಗಳಲ್ಲಿ ಕದ ತಿರುಗಿಸುವುದು ಸಣ್ಣ ಮೋಟಾರು. ಗುಂಡಿ ತಿರುಗಿಸಿದಾಗಲೆಲ್ಲ ಡ್ಯಾಶ್‌ಬೋರ್ಡಿನೊಳಗಿಂದ ಟಕ್ ಟಕ್ ಎಂದು ಕೇಳಿದರೆ, ಅದರ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿದೆ. ಚಾಲಕನ ಕಡೆ ಬಿಸಿ, ಪಕ್ಕದವರ ಕಡೆ ತಣ್ಣಗೆ ಬರುತ್ತಿದ್ದರೆ, ಎರಡು ಕದವಿರುವ ಕಾರಿನಲ್ಲಿ ಒಂದು ಕೆಟ್ಟಿದೆ ಅಥವಾ ಕೋರ್ ಅರ್ಧ ಕಟ್ಟಿದೆ. ಗಾಳಿ ಬಿಸಿಯಾಗಿಯೇ ಇದ್ದು ಬರುವುದೇ ಕಡಿಮೆಯಾಗಿದ್ದರೆ ಇದ್ಯಾವುದೂ ಬೇಡ. ಧೂಳು ಕಟ್ಟಿದ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ.

ಎಲೆಕ್ಟ್ರಿಕ್ ಕಾರಿನವರಿಗೆ ಈ ಪಟ್ಟಿ ಬಹುಪಾಲು ಅನ್ವಯಿಸುವುದಿಲ್ಲ. ಅಲ್ಲಿ ಬಿಟ್ಟಿ ಬಿಸಿ ಕೊಡುವ ಎಂಜಿನ್ನೇ ಇಲ್ಲ. ಬ್ಯಾಟರಿಯ ಕರೆಂಟಿನಿಂದಲೇ ಗಾಳಿ ಕಾಯಿಸಬೇಕು, ಅಥವಾ ಎ.ಸಿ.ಯನ್ನು ಹಿಂದುಮುಂದಾಗಿ ನಡೆಸುವ ಹೀಟ್ ಪಂಪ್ ಬೇಕು. ಚಳಿ ದೇಶಗಳಲ್ಲಿ ಎಲೆಕ್ಟ್ರಿಕ್ ಕಾರುಗಳ ಓಟ ಚಳಿಗಾಲದಲ್ಲಿ ಕುಗ್ಗುವುದಕ್ಕೆ ಇದೂ ಒಂದು ಕಾರಣ.

ಚಾರ್ಮಾಡಿಯಲ್ಲೂ ಬೇಕು, ರಾಯಚೂರಿನಲ್ಲೂ ಬೇಕು

ಹೀಟರನ್ನು ಸುಖದ ಸಾಧನ ಎಂದುಕೊಂಡವರು ಅಮೆರಿಕದ ಕಾನೂನು ನೋಡಬೇಕು. ಮುಂದಿನ ಗಾಜಿನ ಮಂಜು, ಮಬ್ಬು ಬಿಡಿಸುವ ವ್ಯವಸ್ಥೆ ಪ್ರತಿ ಕಾರಿನಲ್ಲೂ ಇರಲೇಬೇಕೆಂದು ಅಲ್ಲಿ 1968ರಿಂದ ನಿಯಮವಿದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಗಾಜಿನ ಒಳಗೆ ಮಬ್ಬು ಕಟ್ಟಿದಾಗ ಬಟ್ಟೆಯಿಂದ ಒರೆಸುತ್ತಲೇ ಓಡಿಸುವವರಿಗೂ ಇದರ ಉಪಯೋಗವಿದೆ. ಗಾಳಿಯನ್ನು ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರಲು ಬಿಟ್ಟು, ಎ.ಸಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ. ಎ.ಸಿ. ಗಾಳಿಯ ತೇವ ಹಿಂಡುತ್ತದೆ, ಹೀಟರ್ ಗಾಜನ್ನು ಬೆಚ್ಚಗಾಗಿಸುತ್ತದೆ. ಗಾಜು ಬೇಗ ತಿಳಿಯಾಗುತ್ತದೆ, ಬೇಗ ಮತ್ತೆ ಕಟ್ಟುವುದೂ ಇಲ್ಲ.

ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಸರಿಯಾದ ಹೀಟರ್ ಕೂಡ ಅಪಾಯವಾಗಬಲ್ಲದು. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರೀಯಲ್ಲಿ ಹಿಮಕ್ಕೆ ಸಿಲುಕಿದ ವಾಹನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಚಳಿಯ ಜೊತೆಗೆ ವಿಷಾನಿಲವೂ ಕಾರಣವೆಂದು ವರದಿಯಾಯಿತು. ಸೈಲೆನ್ಸರಿನ ಬಾಯಿ ಹಿಮದಲ್ಲಿ ಹೂತಿದ್ದರೆ ಇಂಗಾಲದ ಮಾನಾಕ್ಸೈಡ್ ಕಾರಿನೊಳಗೆ ಸೇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಹೀಟರಿಗಾಗಿ ಎಂಜಿನ್ ಓಡಿಸುವ ಮುನ್ನ ಇಳಿದು ಸೈಲೆನ್ಸರಿನ ಸುತ್ತ ಹಿಮ ತೆಗೆಯಬೇಕು, ಮುಚ್ಚಿದ ಗ್ಯಾರೇಜಿನಲ್ಲಂತೂ ಓಡಿಸಲೇಬಾರದು.

ಚಳಿಯನ್ನೇ ಕಾಣದ ರಾಯಚೂರು, ಕಲಬುರಗಿಯವರು ಈ ಗುಂಡಿಯನ್ನು ಮರೆಯಬಹುದೇ? ಮರೆಯದಿರುವುದು ಒಳ್ಳೆಯದು. ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಮುಳ್ಳು ಕೆಂಪಿನ ಕಡೆ ಏರತೊಡಗಿದಾಗ, ಎ.ಸಿ. ಆರಿಸಿ ಹೀಟರನ್ನು ಪೂರ್ತಿ ಹಾಕಿದರೆ, ಆ ಪುಟ್ಟ ಕೋರ್ ಎರಡನೇ ರೇಡಿಯೇಟರ್ ಆಗಿ ಎಂಜಿನ್ನಿನ ಬಿಸಿ ಎಳೆದುಕೊಳ್ಳುತ್ತದೆ. ಕೂತವರು ಬೆವರುತ್ತಾರೆ, ಗಾಡಿ ರಸ್ತೆ ಬದಿ ಸೇರುವಷ್ಟು ಸಮಯ ಸಿಗುತ್ತದೆ. ಮುಳ್ಳು ಮೇಲೆ ಹೋಗಿದೆ, ಹೀಟರಿನಿಂದ ಮಾತ್ರ ತಣ್ಣನೆ ಗಾಳಿ ಬರುತ್ತಿದೆ ಎಂದಾದರೆ ವ್ಯವಸ್ಥೆಯಲ್ಲಿ ಕೂಲೆಂಟ್ ಬಹುಶಃ ಉಳಿದಿಲ್ಲ. ಪೂರ್ತಿ ಖಾಲಿಯಾದಾಗ ಬರಿ ಗಾಳಿಯಲ್ಲಿ ನಿಂತ ಸೆನ್ಸರ್ ಉಷ್ಣತೆ ಕಡಿಮೆ ತೋರಿಸುವುದೂ ಉಂಟು. ಹಾಗಾಗಿ ಗೇಜಿನ ಮಾತನ್ನು ಪರೀಕ್ಷಿಸಲು ಹೀಟರಿನ ಕಿಂಡಿಗೆ ಕೈ ಹಿಡಿಯುವುದು ಒಳ್ಳೆಯ ಅಭ್ಯಾಸ. ಕಾದ ಎಂಜಿನ್ನಿನ ಹೀಟರ್ ಇದ್ದಕ್ಕಿದ್ದಂತೆ ತಣ್ಣಗಾದರೆ ಎಡಕ್ಕೆ ತೆಗೆದುಕೊಂಡು, ಎಂಜಿನ್ ಆರಿಸಿ, ಅರ್ಧ ಗಂಟೆಗೂ ಹೆಚ್ಚು ತಣಿಯಲು ಬಿಟ್ಟು, ಆಮೇಲೆ ಕೂಲೆಂಟ್ ನೋಡಿ. ಅಷ್ಟು ಹೊತ್ತು ಕಾದವರ ಖರ್ಚು ಒಂದು ಪೈಪಿಗೋ ವಾಲ್ವಿಗೋ ಮುಗಿಯಬಹುದು. ಇನ್ನೇನು ಊರು ಬಂತು ಎಂದು ಓಡಿಸಿದವರ ಖರ್ಚು ಎಂಜಿನ್ನಿನವರೆಗೂ ಹೋಗುತ್ತದೆ.